ಅತ್ತೆಯ ನಾಲಿಗೆ

ಅತ್ತೆ ಯಾವತ್ತೂ ಅಂಗಡಿಗೆ ಫೋನ್ ಮಾಡಿದವಳಲ್ಲ. ಕೆಲಸದ ಹೊತ್ತಿನಲ್ಲಿ ಯಾರನ್ನೂ ಮಾತಿಗೆಳೆಯಬಾರದು ಎಂಬುದು ಆಕೆಯ ನಿಯಮ. ಅಂಗಿಯ ಗುಂಡಿ ತಯಾರಿಸುವ ಕಾರ್ಖಾನೆಯಲ್ಲಿ ಹರೆಯದಿಂದ ಮುಪ್ಪಿನವರೆಗೆ ದುಡಿದು ಕಲಿತದ್ದು. ಹಾಗಾಗಿ ಕನ್ನಡಕದಂಗಡಿಯ ಹಿಂಬದಿಯ ಕೋಣೆಯಲ್ಲಿ ಗಾಜಿನ ಅಂಚು ತಿಕ್ಕುತ್ತ ಕೂತಿದ್ದ ಸೊಸೆ ಫೋನಿನಲ್ಲಿ ಆ ದನಿ ಕೇಳುತ್ತಲೇ ಗಾಜು ಕೆಳಗಿಟ್ಟು ಎದ್ದೇ ನಿಂತಳು.

"ಏನಾಯ್ತು ಅತ್ತೆ? ಎಲ್ಲಾದ್ರೂ ಬಿದ್ರಾ?"

"ಬೀಳೋದೇನು, ಗಟ್ಟಿಯಾಗಿ ನಿಂತೇ ಮಾತಾಡ್ತಿದೀನಿ. ನಾಳೆ ರಜಾ ಹಾಕು. ಬೆಳಿಗ್ಗೆನೇ ಬಾ."

"ಯಾಕೆ?"

"ಬಂದ್ಮೇಲೆ ಹೇಳ್ತೀನಿ." ಅಷ್ಟು ಹೇಳಿ ಫೋನ್ ಇಟ್ಟೇಬಿಟ್ಟಳು.

ನಿಜ ಹೇಳಬೇಕೆಂದರೆ ಕಾಗದಪತ್ರದ ಲೆಕ್ಕದಲ್ಲಿ ಅವಳೀಗ ಆ ಮನೆಯ ಸೊಸೆಯಲ್ಲ. ಗಂಡ ಹೆಂಡಿರು ಬೇರೆಯಾಗಿ ವರ್ಷಗಳೇ ಕಳೆದಿದ್ದವು. ಕೂಗಾಟ ಇರಲಿಲ್ಲ, ತಟ್ಟೆ ಲೋಟ ಹಾರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ ಅಕ್ಕಪಕ್ಕದ ಕೋಣೆಯ ಬಾಡಿಗೆದಾರರ ಹಾಗಾಗಿ ಹೋಗಿದ್ದರು, ಅಷ್ಟೆ. ಆತ ಬೇರೆ ಊರು ಸೇರಿ ಹೊಸ ಸಂಸಾರ ಹೂಡಿದ. ಇವಳು ಅಂಗಡಿಯ ಹತ್ತಿರ ಒಂದು ಸಣ್ಣ ಮನೆ ಹಿಡಿದಳು. ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಅತ್ತೆಯದೊಂದು ಪಾತ್ರೆ ಇವಳ ಸಾಮಾನಿನೊಳಗೆ ಸೇರಿಬಿಟ್ಟಿತ್ತು. ಅದನ್ನು ಕೊಡಲು ಹೋದವಳ ಕೈಗೆ ಅತ್ತೆ ಏನೋ ತುಂಬಿದ ಡಬ್ಬಿ ಕೊಟ್ಟಳು. ಡಬ್ಬಿ ವಾಪಸು ಮಾಡಲು ಮತ್ತೆ ಹೋಗಬೇಕಾಯಿತು. ಖಾಲಿ ಡಬ್ಬಿ ಹಿಡಿದು ಹೋಗುವುದು ಚೆನ್ನಾಗಿರುವುದಿಲ್ಲವೆಂದು ಇವಳೂ ಏನೋ ತುಂಬಿಕೊಂಡು ಹೋದಳು. ಅಂದಿನಿಂದ ಎರಡು ಮನೆಗಳ ನಡುವೆ ಪಾತ್ರೆಗಳ ಓಡಾಟ ನಿಂತಿರಲಿಲ್ಲ. ಯಾಕೆ, ಏನು ಎಂದು ಇಬ್ಬರಲ್ಲಿ ಯಾರೂ ಬಾಯಿ ಬಿಟ್ಟು ಕೇಳಿರಲಿಲ್ಲ.

ಮರುದಿನ ಎರಡನೇ ಮಹಡಿಯ ಆ ಮನೆಯ ಬಾಗಿಲು ತಟ್ಟುವ ಮೊದಲೇ ಅವಳಿಗೆ ಸಂಗತಿ ಅರ್ಧ ತಿಳಿದುಹೋಯಿತು. ಮೆಟ್ಟಿಲ ಮೇಲೆಲ್ಲ ಒಣಮೆಣಸಿನಕಾಯಿ ಹುರಿಯುವ ಘಾಟು. ಕೆಳಮನೆಯವರು ಆಗಲೇ ಕಿಟಕಿ ತೆರೆದು ಕೆಮ್ಮುತ್ತಿದ್ದರು.

"ಇವತ್ತು ಬೆಂಕಿನಾ?" ಎಂದಳು ಒಳಗೆ ಬರುತ್ತಲೇ.

"ಬೆಂಕಿನೇ," ಎಂದಳು ಅತ್ತೆ.

ಹೋಟೆಲಿನವರು ಅದನ್ನು ಚಿಲ್ಲಿ ಅನ್ನುತ್ತಾರೆ. ಕೈಮಾ, ರಾಜ್ಮಾ ಕಾಳು, ಟೊಮೆಟೊ, ಹುರಿದು ನೆನೆಸಿ ಅರೆದ ಒಣಮೆಣಸಿನಕಾಯಿ, ಜೀರಿಗೆ, ಕೈತುಂಬ ಬೆಳ್ಳುಳ್ಳಿ, ಎಲ್ಲ ಒಂದೇ ಪಾತ್ರೆಯಲ್ಲಿ ಬಿದ್ದು ಗಂಟೆಗಟ್ಟಲೆ ಕುದ್ದು, ಸೌಟು ನೆಟ್ಟರೆ ನಿಲ್ಲುವಷ್ಟು ಗಟ್ಟಿಯಾಗುವ ಅಡುಗೆ. ಚಳಿಗಾಲದಲ್ಲಿ ಕಾರ್ಖಾನೆಯ ಬಾಯ್ಲರ್ ಕೋಣೆಯ ಮೂಲೆಯಲ್ಲಿ ಅತ್ತೆ ಇದನ್ನು ಮಾಡುತ್ತಿದ್ದಳಂತೆ. ಅಲ್ಲಿನ ಹೆಂಗಸರು ಅದಕ್ಕಿಟ್ಟ ಹೆಸರು ಬೆಂಕಿ. ಕಾರ್ಖಾನೆ ಮುಚ್ಚಿ, ಯಂತ್ರಗಳೆಲ್ಲ ಗುಜರಿಗೆ ಹೋದ ಮೇಲೂ ಆ ಹೆಂಗಸರು ವರ್ಷಕ್ಕೊಮ್ಮೆ, ಚಳಿ ಹಿಡಿದ ಕೂಡಲೇ, ಅತ್ತೆಯ ಮನೆಗೆ ಬೆಂಕಿ ತಿನ್ನಲು ಬರುತ್ತಿದ್ದರು. ಮೊದಲು ಕೋಣೆ ಹಿಡಿಸದಷ್ಟು ಜನ. ಈಗ ಉಳಿದವರು ಮೂವರು.

"ಮಧ್ಯಾಹ್ನಕ್ಕೆ ಬರ್ತಾರೆ," ಎಂದಳು ಅತ್ತೆ, ಈರುಳ್ಳಿಯ ಬುಟ್ಟಿ ಮುಂದೆ ತಳ್ಳುತ್ತ. "ಹೆಚ್ಚು."

"ಇದಕ್ಕಾ ರಜಾ ಹಾಕಿಸಿದ್ದು? ಪ್ರತಿ ವರ್ಷ ಒಬ್ಬರೇ ಮಾಡ್ತೀರಲ್ಲ."

ಅತ್ತೆ ಕಿಟಕಿಯ ಕಡೆ ತಿರುಗಿದಳು. ಗಾಜಿನ ಮೇಲೆ ಆವಿ ಕಟ್ಟಿ ಎದುರಿನ ಬೀದಿ ಕಾಣುತ್ತಿರಲಿಲ್ಲ. ಆದರೂ ಏನೋ ನೋಡುತ್ತಿರುವವಳ ಹಾಗೆ ನಿಂತಳು.

"ಮೊನ್ನೆ ಜ್ವರ ಬಂತಲ್ಲ. ಜ್ವರ ಹೋಯ್ತು, ಹೋಗ್ತಾ ನಾಲಿಗೆ ರುಚಿನೂ ಹೊತ್ಕೊಂಡು ಹೋಯ್ತು. ಉಪ್ಪು ಇಟ್ರೂ ಅಷ್ಟೆ, ಸಕ್ಕರೆ ಇಟ್ರೂ ಅಷ್ಟೆ. ಬಾಯಲ್ಲಿ ಮರದ ತುಂಡು ಇಟ್ಕೊಂಡ ಹಾಗಿದೆ."

ಸೊಸೆ ಚಾಕು ಕೆಳಗಿಟ್ಟಳು. ಬಾಯಿಗೆ ಬಂದದ್ದು ಹೇಳಿದಳು: "ನಾಲಿಗೆ ಹೋಗಿದೆ ಅಂತೀರಿ, ಮಾತು ಕೇಳಿದ್ರೆ ಹಾಗೇನೂ ಅನ್ನಿಸಲ್ಲ."

ಅತ್ತೆ ತಿರುಗಿ ನೋಡಿದಳು. ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕಳು. ನಗುತ್ತ ನಗುತ್ತ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ಅದು ನಗುವಿಗೋ ಮೆಣಸಿನ ಘಾಟಿಗೋ ಗೊತ್ತಾಗಲಿಲ್ಲ.

"ಡಾಕ್ಟರು ಏನಂದ್ರು?"

"ಬರಬಹುದು ಅಂದ್ರು, ಬರದೇನೂ ಇರಬಹುದು ಅಂದ್ರು. ಅಷ್ಟು ನಾನೂ ಹೇಳ್ತಿದ್ದೆ. ಇವತ್ತು ನೀನು ರುಚಿ ನೋಡು, ನಾನು ಸೌಟು ಆಡಿಸ್ತೀನಿ. ಅವರ ಹತ್ರ ಮಾತ್ರ ಉಸಿರೆತ್ತಬೇಡ. ಪ್ಯಾಕಿಂಗ್ ಕಿವಿಗೆ ಬಿದ್ರೆ ಸಂಜೆಯೊಳಗೆ ಊರೆಲ್ಲ ಡಂಗುರ."

ಪ್ಯಾಕಿಂಗ್ ಎಂಬುದು ಒಬ್ಬಾಕೆಯ ಹೆಸರು. ಕಾರ್ಖಾನೆಯಲ್ಲಿ ಯಾರು ಯಾವ ವಿಭಾಗದಲ್ಲಿದ್ದರೋ ಅದೇ ಅವರ ಹೆಸರಾಗಿಬಿಟ್ಟಿತ್ತು. ಗುಂಡಿಗೆ ಬಣ್ಣ ಕಟ್ಟುತ್ತಿದ್ದವಳು ಬಣ್ಣ. ಡಬ್ಬಕ್ಕೆ ತುಂಬುತ್ತಿದ್ದವಳು ಪ್ಯಾಕಿಂಗ್. ಎಲ್ಲರ ಮೇಲೆ ಕಣ್ಣಿಟ್ಟಿದ್ದವಳು ಮೇಡಂ. ಅತ್ತೆ ಗುಂಡಿಗೆ ತೂತು ಕೊರೆಯುವ ಯಂತ್ರದಲ್ಲಿದ್ದಳು, ಆಕೆಯ ಹೆಸರು ತೂತು. "ಹಗಲೆಲ್ಲ ಗುಂಡಿಗೆ ತೂತು ಹೊಡೀತಾಳೆ, ಸಂಜೆ ಬಂದು ನನ್ನ ಮಾತಿಗೆ ಹೊಡೀತಾಳೆ," ಎಂದು ಮಾವ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ.

ಈರುಳ್ಳಿ ಹೆಚ್ಚುತ್ತಿದ್ದ ಹಾಗೆ ಸೊಸೆಗೆ ತೀರಿಹೋದ ಆ ಮಾವನೇ ಕಣ್ಣೆದುರು ಬಂದ. ಸಿಟಿ ಬಸ್ಸಿನ ಡ್ರೈವರ್. ಮನೆಗೆ ಬಂದರೂ ಕುರ್ಚಿಯಲ್ಲಿ ಸ್ವಲ್ಪ ಬಲಕ್ಕೆ ವಾಲಿ, ಕನ್ನಡಿ ನೋಡುವವನ ಹಾಗೆ ಕೂರುತ್ತಿದ್ದ. ಮದುವೆಯಾಗಿ ಈ ಮನೆಗೆ ಬಂದ ಮೊದಲ ಚಳಿಗಾಲ. ಅತ್ತೆ ತಟ್ಟೆಗೆ ಬೆಂಕಿ ಬಡಿಸಿದಾಗ ಅದರ ಗಾಢ ಕೆಂಪು, ಮೇಲೆ ತೇಲುವ ಎಣ್ಣೆ ನೋಡಿಯೇ ಇವಳಿಗೆ ಗಂಟಲು ಒಣಗಿತ್ತು. ಇವಳ ತವರಿನಲ್ಲಿ ಕಾಳುಮೆಣಸೇ ಖಾರದ ಕೊನೆಯ ಮೆಟ್ಟಿಲು. ಮೊದಲ ತುತ್ತಿಗೆ ಏನೂ ಅನ್ನಿಸಲಿಲ್ಲ. ಹೊಗೆಯ ವಾಸನೆ, ಈರುಳ್ಳಿಯ ಸಿಹಿ, ಪರವಾಗಿಲ್ಲವಲ್ಲ ಅಂದುಕೊಂಡಳು. ಎರಡನೆಯ ತುತ್ತು ಎತ್ತುವ ಹೊತ್ತಿಗೆ ಕಿವಿಯೊಳಗೆ ಯಾರೋ ಕಡ್ಡಿ ಗೀರಿದ ಹಾಗಾಯಿತು. ಕಣ್ಣು, ಮೂಗು, ಎಲ್ಲ ಕಡೆಯಿಂದ ನೀರು. ಗಂಡ ತನ್ನ ಪಾಡಿಗೆ ತಿನ್ನುತ್ತಿದ್ದ. ಅತ್ತೆ ಅವಳನ್ನೇ ನೋಡುತ್ತಿದ್ದಳು.

"ಖಾರ ಆಯ್ತಾ?"

"ಇಲ್ಲ ಅತ್ತೆ," ಎಂದಿದ್ದಳು, ಬಿಕ್ಕಳಿಸುತ್ತ.

ಮಾವ ಹಣೆಯ ಬೆವರನ್ನು ಟವೆಲಿನಿಂದ ಒತ್ತಿಕೊಂಡು, "ಖಾರನೇ ಇಲ್ಲ ಇವತ್ತು! ಏನೇ, ಮೆಣಸಿನಕಾಯಿ ಮುಗಿದಿತ್ತಾ?" ಎಂದು ದೊಡ್ಡ ದನಿ ತೆಗೆದ. ಅತ್ತೆ ಜಗಳಕ್ಕೆಂದು ಆ ಕಡೆ ತಿರುಗಿದ್ದೇ ತಡ, ಮೇಜಿನ ಕೆಳಗಿನಿಂದ ಬೆಣ್ಣೆ ದಪ್ಪಗೆ ಸವರಿದ ಬ್ರೆಡ್ಡಿನ ತುಂಡೊಂದು ಇವಳ ಮಡಿಲಿಗೆ ಬಂದು ಬಿತ್ತು. ಮಾವನ ಮುಖದಲ್ಲಿ ಮಾತ್ರ ಏನೂ ಇಲ್ಲ, ಟ್ರಾಫಿಕ್ ದೀಪ ಹಸಿರಾಗಲೆಂದು ಕಾಯುವವನ ಹಾಗೆ ಎದುರು ನೋಡುತ್ತಿದ್ದ. ಆ ಚಳಿಗಾಲವಿಡೀ ಬ್ರೆಡ್ಡು ಮೇಜಿನ ಕೆಳಗೆ ಓಡಾಡಿತು.

"ನಿಮಗೆ ಗೊತ್ತಿತ್ತಾ ಅತ್ತೆ? ಮಾವ ನನಗೆ ಬ್ರೆಡ್ ಕೊಡ್ತಿದ್ದದ್ದು?"

"ಬೆಣ್ಣೆ ಸವರಿ ಇಡ್ತಿದ್ದವಳು ಯಾರು ಅಂದ್ಕೊಂಡಿದೀಯ?" ಎಂದಳು ಅತ್ತೆ, ತಲೆ ಎತ್ತದೆ. "ಅವರಿಗೆ ಸ್ಟಿಯರಿಂಗ್ ಬಿಟ್ರೆ ಬೇರೇನೂ ಹಿಡಿಯೋಕೆ ಬರ್ತಿರಲಿಲ್ಲ."

ಸೊಸೆ ಬೆರಗಾಗಿ ಆಕೆಯನ್ನೇ ನೋಡಿದಳು. ಇಷ್ಟು ವರ್ಷ ಅದು ಮಾವನೂ ತಾನೂ ಕೂಡಿ ಬಚ್ಚಿಟ್ಟ ಗುಟ್ಟು ಅಂದುಕೊಂಡೇ ಬದುಕಿದ್ದಳು.

"ಹಾಗಿದ್ರೆ ಖಾರನೇ ಕಮ್ಮಿ ಮಾಡಬಹುದಿತ್ತಲ್ಲ!"

"ಬೆಂಕಿಲಿ ಖಾರ ಕಮ್ಮಿ ಮಾಡ್ತಾರಾ? ಬ್ರೆಡ್ ಜಾಸ್ತಿ ಮಾಡ್ತಾರೆ."

ಎಣ್ಣೆ ಕಾಯಿತು. ಈರುಳ್ಳಿ ಬಿತ್ತು. ನಾಲಿಗೆ ಇಲ್ಲದಿದ್ದರೇನು, ಅತ್ತೆಯ ಕಣ್ಣು ಕಿವಿಗಳೆರಡೂ ಕೆಲಸಕ್ಕಿಳಿದಿದ್ದವು. ಪಾತ್ರೆಯ ಕಡೆ ಕಿವಿಯೊಡ್ಡಿ, "ಇನ್ನೂ ನೀರಿದೆ, ಸದ್ದು ಕೇಳು," ಎಂದಳು. ಸ್ವಲ್ಪ ಹೊತ್ತಿಗೆ ಚರಪರ ಸದ್ದು ಸಣ್ಣಗಾಗಿ, ಈರುಳ್ಳಿ ಬೆಲ್ಲದ ಬಣ್ಣಕ್ಕೆ ಬಂತು. ಕೈಮಾ ಹಾಕಿ ಉಂಡೆಗಟ್ಟದಂತೆ ಸೌಟಿನ ಹಿಂಬದಿಯಿಂದ ಒಡೆದಳು. ಜಜ್ಜಿದ ಜೀರಿಗೆ ಬಿದ್ದಾಗ ಮಾತ್ರ ಪಾತ್ರೆಯ ಮೇಲೆ ಬಾಗಿ ಮೂಗಿಗೆ ಎಳೆದುಕೊಂಡು, ವಾಸನೆಯೂ ಸಿಗದೆ ಸುಮ್ಮನೆ ನೆಟ್ಟಗಾದಳು. ಸೊಸೆ ಅದನ್ನು ನೋಡಿಯೂ ನೋಡದವಳ ಹಾಗೆ ಟೊಮೆಟೊ ಹಿಸುಕತೊಡಗಿದಳು. ಅರೆದ ಮೆಣಸಿನಕಾಯಿ ಸೇರಿತು. ರಾತ್ರಿಯೇ ನೆನೆಸಿ ಬೇಯಿಸಿಟ್ಟಿದ್ದ ಕಾಳು ಸೇರಿತು. ಕೊನೆಗೆ ಸೊಸೆ ತನ್ನ ಚೀಲದಲ್ಲಿ ಸದಾ ಇಟ್ಟುಕೊಂಡಿರುತ್ತಿದ್ದ ಕಹಿ ಚಾಕೊಲೇಟಿನ ತುಣುಕೊಂದನ್ನು ತೆಗೆದಳು.

ಅದು ಅವಳದೇ ಸೇರ್ಪಡೆ. ಯಾವುದೋ ವರ್ಷ ಖಾರದ ಮೊನೆ ಸ್ವಲ್ಪ ಮೊಂಡಾಗಲೆಂದು ಅತ್ತೆ ಆಚೆ ಹೋಗಿದ್ದಾಗ ಹಾಕಿಬಿಟ್ಟಿದ್ದಳು. "ಇದೇನು ಅಡುಗೆನೋ ಮಿಠಾಯಿನೋ?" ಎಂದು ಅತ್ತೆ ಅವತ್ತು ಸೂರು ಹಾರುವಂತೆ ಕೂಗಾಡಿದ್ದಳು. ಈಗ ಕೈಚಾಚಿ ತುಣುಕನ್ನು ತಾನೇ ಇಸಿದುಕೊಂಡು ಪಾತ್ರೆಗೆ ಹಾಕಿದಳು.

"ನೀನು ಹೋದ ಮೇಲೂ ನಾನು ಹಾಕ್ತಾನೇ ಇದ್ದೆ," ಎಂದಳು. "ಹಾಕದೇ ಇದ್ರೆ ಏನೋ ಮರೆತ ಹಾಗೆ ಅನ್ನಿಸ್ತಿತ್ತು."

ಪಾತ್ರೆ ಸಣ್ಣ ಉರಿಯಲ್ಲಿ ಬಹಳ ಹೊತ್ತು ಗುಳುಗುಳು ಎಂದಿತು. ಸೊಸೆ ಚಮಚದ ತುದಿಯಲ್ಲಿ ತೆಗೆದು, ಊದಿ, ರುಚಿ ನೋಡಿ, ಉಪ್ಪು ಹಾಕಿ, ಮತ್ತೆ ನೋಡಿ, "ಸರಿಯಾಗಿದೆ," ಎಂದಳು. ಅತ್ತೆ ಅವಳ ಮುಖವನ್ನೇ ನೋಡುತ್ತಿದ್ದಳು, ಡಾಕ್ಟರ ಮುಂದೆ ಕೂತ ರೋಗಿಯ ಹಾಗೆ. ಆಮೇಲೆ ನೆನಪಾಯಿತು, ಬ್ರೆಡ್ಡೇ ತಂದಿಲ್ಲ. ಸೊಸೆ ಚಪ್ಪಲಿ ಮೆಟ್ಟಿ ಕೆಳಗಿಳಿದಳು. ಬೇಕರಿಯಲ್ಲಿ ಜನ ಸಾಲುಗಟ್ಟಿದ್ದರು. ವಾಪಸು ಬರುವಾಗ ಮೆಟ್ಟಿಲ ಮೇಲೇ ಅತಿಥಿಗಳು ಸಿಕ್ಕರು. ಒಂದೊಂದು ಮೆಟ್ಟಿಲಿಗೂ ನಿಂತು ಮಂಡಿ ಹಿಡಿದು, ಮಾತು ಮಾತ್ರ ಎಲ್ಲೂ ನಿಲ್ಲಿಸದೆ ಹತ್ತುತ್ತಿದ್ದರು.

ಒಳಗೆ ಬಂದು ಕೂತ ಮೇಲೆ, ಮೇಡಂ ಕನ್ನಡಕದ ಮೇಲಿನಿಂದ ಸೊಸೆಯನ್ನು ತಪಾಸಣೆ ಮಾಡಿದಳು. "ಇವಳು ನಿನ್ನ ಸೊಸೆಯಲ್ವಾ? ನಿನ್ನ ಮಗ ಇವಳನ್ನ ಬಿಟ್ಟ ಅಂತ ಕೇಳಿದ್ದೆ."

ಬಣ್ಣ ಆಕೆಯ ಮೊಣಕೈ ಜಗ್ಗಿದಳು. ಬ್ರೆಡ್ ಕತ್ತರಿಸುತ್ತಿದ್ದ ಸೊಸೆಯ ಕೈ ನಿಂತಿತು.

"ಅವನು ಬಿಟ್ಟ," ಎಂದಳು ಅತ್ತೆ, ತಟ್ಟೆ ಜೋಡಿಸುತ್ತ. "ನಾನು ಬಿಟ್ಟಿದೀನಾ?"

ಅಷ್ಟೆ. ಮೇಡಂ ಗಂಟಲು ಸರಿಮಾಡಿಕೊಂಡು ಚಳಿಯ ವಿಷಯಕ್ಕೆ ಹೋದಳು. ಸೊಸೆಗೆ ಬ್ರೆಡ್ಡಿನ ಮೇಲೆ ಚಾಕು ಎಲ್ಲಿಟ್ಟಿದ್ದೆನೆಂದೇ ತಿಳಿಯಲಿಲ್ಲ. ಆ ಬೇರೆಯಾಗುವ ದಿನಗಳಲ್ಲಿ ಯಾರು ಯಾರೋ ಏನೇನೋ ಸಮಾಧಾನ ಹೇಳಿದ್ದರು. ಯಾವುದೂ ಇಷ್ಟು ಆಳಕ್ಕೆ ಇಳಿದಿರಲಿಲ್ಲ. ಕಣ್ಣು ತುಂಬಿಕೊಂಡದ್ದಕ್ಕೆ ಖಾರದ ನೆಪ ಇರಲಿ ಎಂದು ಪಾತ್ರೆಯ ಮುಚ್ಚಳ ತೆಗೆದು, ಹಾಗೇ ಎಲ್ಲರಿಗೂ ಬಡಿಸಿಬಿಟ್ಟಳು.

ಮೊದಲ ತುತ್ತು ಪ್ಯಾಕಿಂಗ್‌ಳದು. ಬಾಯಿಗಿಟ್ಟವಳು ಹಾಗೇ ಕಲ್ಲಾದಳು. ಬಣ್ಣ ಒಂದು ಚಮಚ ತಿಂದು ಮೆಲ್ಲಗೆ ನೀರಿನ ಲೋಟಕ್ಕೆ ಕೈ ಹಾಕಿದಳು. ಮೇಡಂ ಹುಬ್ಬು ಮೇಲಕ್ಕೆ ಹೋದದ್ದು ಕೆಳಕ್ಕೆ ಬರಲಿಲ್ಲ. ಸೊಸೆ ಗಾಬರಿಯಿಂದ ತನ್ನ ತಟ್ಟೆಗೆ ಚಮಚ ಇಟ್ಟಳು. ಉಪ್ಪು! ಉಪ್ಪೆಂದರೆ ಸಮುದ್ರವನ್ನೇ ಕುದಿಸಿ ಇಳಿಸಿದ ಹಾಗೆ. ತಾನು ಬೇಕರಿಗೆ ಹೋದಾಗ ಅತ್ತೆಯ ಕೈ ರೂಢಿಯಂತೆ ಡಬ್ಬಿಗೆ ಹೋಗಿದೆ, ಎಂದಿನಂತೆ ಹಿಡಿ ಹಾಕಿದೆ.

ಅತ್ತೆ ಮಾತ್ರ ನೆಮ್ಮದಿಯಿಂದ ಅಗಿಯುತ್ತಿದ್ದಳು. ಸುತ್ತ ನೋಡಿ, ಹಿಗ್ಗಿನಿಂದ, "ಈ ಸಲ ಎಲ್ಲ ಹದವಾಗಿ ಬಿದ್ದಿದೆ. ಅಲ್ವಾ?" ಎಂದಳು.

ಸೊಸೆ ಪ್ಯಾಕಿಂಗ್‌ಳ ಕಡೆ ನೋಡಿದಳು. ಬಾಯಿಬಡುಕಿ ಎಂದು ಹೆಸರಾದ ಹೆಂಗಸು. ಒಮ್ಮೆ ಕಾರ್ಖಾನೆಯ ಮಾಲೀಕನ ಮುಖಕ್ಕೇ, ನಿನ್ನ ಅಂಗಿಯ ಗುಂಡಿ ನಮ್ಮ ಕಾರ್ಖಾನೆಯದಲ್ಲ, ಎಂದವಳು. ಆಕೆ ಅತ್ತೆಯ ಮುಖವನ್ನು ಒಂದು ಗಳಿಗೆ ನೋಡಿದಳು. ಏನು ಅರ್ಥವಾಯಿತೋ, ಇನ್ನೊಂದು ಚಮಚ ತುಂಬ ತೆಗೆದು ಬಾಯಿಗಿಟ್ಟು, ನುಂಗಿ, "ಹದ ಅಂದ್ರೆ ಹದ," ಎಂದಳು. ಬಣ್ಣ ತಲೆಯಾಡಿಸಿದಳು. ಮೇಡಂ ಕೂಡ, ಯಾವತ್ತೂ ಯಾರ ಕೆಲಸವನ್ನೂ ಹೊಗಳದ ಮೇಡಂ, "ಪಾಸು," ಎಂದಳು.

ಮೂವರೂ ತಿನ್ನುತ್ತಿದ್ದರು. ಸೊಸೆಗೆ ನೋಡಲಾಗಲಿಲ್ಲ. ಬಣ್ಣಳಿಗೆ ರಕ್ತದೊತ್ತಡ ಬೇರೆ ಇತ್ತು.

"ಅತ್ತೆ, ತಪ್ಪಾಯ್ತು," ಎಂದು ಎದ್ದು ನಿಂತಳು. "ನಾನು ಮರೆತು ಎರಡು ಸಲ ಉಪ್ಪು ಹಾಕ್ಬಿಟ್ಟೆ. ಯಾರೂ ತಿನ್ನಬೇಡಿ."

ಅತ್ತೆಯ ಕೈಯಲ್ಲಿನ ಚಮಚ ತಟ್ಟೆಗೆ ಇಳಿಯಿತು. ಸೊಸೆಯನ್ನು ನೋಡಿದಳು, ಖಾಲಿಯಾಗುತ್ತಿದ್ದ ನೀರಿನ ಜಗ್ಗನ್ನು ನೋಡಿದಳು, ಗೆಳತಿಯರನ್ನು ಒಬ್ಬೊಬ್ಬರಾಗಿ ನೋಡಿದಳು. ಆಮೇಲೆ ನಿಧಾನವಾಗಿ ಹೇಳಿದಳು: "ಅವಳಲ್ಲ. ನಾನು. ನನಗೆ ರುಚಿ ಗೊತ್ತಾಗಲ್ಲ ಈಗ. ಏನೂ ಗೊತ್ತಾಗಲ್ಲ."

"ಅಯ್ಯೋ ತೂತೂ!" ಎಂದು ಪ್ಯಾಕಿಂಗ್ ಕೂಗಿದಳು. "ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿನಗೆ? ನನ್ನ ಕರುಳು ಉಪ್ಪಿನಕಾಯಿ ಆಗೋ ತನಕ ಕಾಯ್ತಿದ್ಯಾ?"

"ಹೇಳಿದ್ರೆ ಮುಂದಿನ ವರ್ಷ ಬರ್ತಿದ್ರಾ?"

ಬಣ್ಣ, ಅಷ್ಟು ಹೊತ್ತು ಬಾಯಿ ಬಿಡದವಳು, ಮೆತ್ತನೆಯ ದನಿಯಲ್ಲಿ ಹೇಳಿದಳು: "ನನಗೆ ಎಡಗಣ್ಣಲ್ಲಿ ಬಣ್ಣನೇ ಕಾಣಲ್ಲ ಈಗ. ನಾನೇನು ಬರೋದು ಬಿಟ್ನಾ?"

ಪ್ಯಾಕಿಂಗ್ ಮೊದಲು ನಕ್ಕಳು. ಆಮೇಲೆ ಎಲ್ಲರೂ. ಮೇಡಂ ಮೇಜು ತಟ್ಟಿ ಎದ್ದಳು. ಎಷ್ಟೋ ವರ್ಷಗಳ ನಂತರ ಅಪ್ಪಣೆ ಕೊಡುವ ಅವಕಾಶ ಸಿಕ್ಕಿತ್ತು, ಬೆನ್ನು ತಾನಾಗಿ ನೆಟ್ಟಗಾಯಿತು. "ತಟ್ಟೆಯದೆಲ್ಲ ಪಾತ್ರೆಗೆ ವಾಪಸು ಸುರೀರಿ. ಆಲೂಗೆಡ್ಡೆ ಇದೆಯಾ? ಸಿಪ್ಪೆ ತೆಗೀರಿ. ಉಳಿದ ಕಾಳೆಲ್ಲ ತನ್ನಿ. ಟೊಮೆಟೊ ಯಾರ ಪಾಲು?"

ಅಡುಗೆಮನೆ ಚಿಕ್ಕದು, ಹೆಂಗಸರು ಐವರು. ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ. ಮಾತು ತಾನಾಗಿ ಬಾಯ್ಲರ್ ಕೋಣೆಗೆ ಹೊರಳಿತು. ಜರಡಿಯ ಮೇಲೆ ಗುಂಡಿಗಳು ಆಲಿಕಲ್ಲಿನ ಹಾಗೆ ಸುರಿಯುತ್ತಿದ್ದ ಸದ್ದು. ಎದುರು ಕೂತವಳಿಗೂ ಕೇಳದೆ ತುಟಿಯ ಆಟದಲ್ಲೇ ಇಡೀ ಸಂಸಾರದ ಕಥೆ ಹೇಳಿಕೊಳ್ಳುತ್ತಿದ್ದದ್ದು. ಬಣ್ಣ ಮನೆಗೆ ಹೋದರೂ ಕೈ ನೀಲಿಯಾಗಿಯೇ ಇದ್ದು, ಅವಳ ಗಂಡನ ಕೆನ್ನೆಯ ಮೇಲೆ ಒಂದು ಬೆಳಿಗ್ಗೆ ನೀಲಿ ಬೆರಳುಗಳು ಮೂಡಿದ್ದು. "ಅದು ಹೊಡೆದದ್ದಲ್ಲ, ಆಣೆ ಮಾಡಿ ಹೇಳ್ತೀನಿ," ಎಂದು ಬಣ್ಣ ಈಗಲೂ ಕೆಂಪಾದಳು. "ಹೊಡೆದದ್ದು ಅಂದವರು ಯಾರು?" ಎಂದಳು ಪ್ಯಾಕಿಂಗ್, ಮತ್ತೆ ಎಲ್ಲರೂ ನಕ್ಕರು. ಬಾಯ್ಲರ್ ನೋಡಿಕೊಳ್ಳುತ್ತಿದ್ದ ಮುದುಕ ತನ್ನ ಪಾಲಿನ ಬೆಂಕಿ ತಿಂದು, ಬಾಯ್ಲರಿಗಿಂತ ಜಾಸ್ತಿ ಹೊಗೆ ಬಿಡುತ್ತಿದ್ದನಂತೆ. ಸೊಸೆ ಆಲೂಗೆಡ್ಡೆ ಹೆಚ್ಚುತ್ತ ಕೇಳುತ್ತಿದ್ದಳು. ತಾನು ಕಾಲೇ ಇಡದ ಆ ಕಾರ್ಖಾನೆ ಇಷ್ಟೊಂದು ನೆನಪಾಗುವುದು ಹೇಗೆಂದು ಅವಳಿಗೇ ಆಶ್ಚರ್ಯ. ಮಾವ ಊಟದ ಮೇಜಿನಲ್ಲಿ ನಟಿಸಿ ತೋರಿಸುತ್ತಿದ್ದ ಅದೇ ಹೆಂಗಸರು, ಅದೇ ಜಗಳಗಳು. ಗಂಡನ ಜೊತೆ ಕಳೆದ ವರ್ಷಗಳಲ್ಲಿ ಎಷ್ಟೋ ಅಳಿಸಿಹೋಗಿದ್ದವು. ಈ ಮೇಜಿನ ಸುತ್ತಲಿನದು ಮಾತ್ರ ಒಂದಿಷ್ಟೂ ಮಾಸಿರಲಿಲ್ಲ.

ಬೆಂಕಿ ಎರಡನೆಯ ಸಲ ತಯಾರಾಗುವ ಹೊತ್ತಿಗೆ ಬಿಸಿಲು ಇಳಿದಿತ್ತು. ಪಾತ್ರೆ ಅಂಚಿನವರೆಗೆ ತುಂಬಿತ್ತು. ಈ ಸಲ ಎಲ್ಲರೂ ರುಚಿ ನೋಡಿದರು, ಎಲ್ಲರೂ ಒಂದೊಂದು ತಕರಾರು ತೆಗೆದರು, ಆಮೇಲೆ ಎಲ್ಲರೂ ಎರಡೆರಡು ಸಲ ಬಡಿಸಿಕೊಂಡು, ಮೂಗು ಸೊರಸೊರ ಎಳೆಯುತ್ತ, ಬೆವರುತ್ತ ತಿಂದರು. ಪ್ಯಾಕಿಂಗ್ ಹೊರಡುವಾಗ ಡಬ್ಬಿ ಕೇಳಿ ತುಂಬಿಸಿಕೊಂಡಳು. ಬಾಗಿಲಲ್ಲಿ ಮೇಡಂ ಸೊಸೆಯ ಭುಜ ಹಿಡಿದು, "ಮುಂದಿನ ವರ್ಷ ಉಪ್ಪಿನ ಡಬ್ಬಿ ನಿನ್ನ ಹತ್ರ ಇಟ್ಕೋ," ಎಂದಳು.

ಅವರ ಮಾತು ಮೆಟ್ಟಿಲಿಳಿದು ಬೀದಿಯಲ್ಲಿ ಕರಗಿತು. ಸೊಸೆ ತಟ್ಟೆಗಳನ್ನು ತೊಳೆಯಲು ಹಾಕಿದಳು. ಅತ್ತೆ ಕುರ್ಚಿಯಲ್ಲಿ ಕಾಲು ಚಾಚಿ ಕೂತು ಕೇಳಿದಳು:

"ಹೇಗಿತ್ತು? ಅವರು ಹೇಳಿದ್ದು ಬೇಡ. ನೀನು ಹೇಳು."

"ಚೆನ್ನಾಗಿತ್ತು ಅತ್ತೆ."

"ಚೆನ್ನಾಗಿತ್ತು ಅಂದ್ರೆ ನನಗೇನು ತಿಳಿಯತ್ತೆ? ಬಿಡಿಸಿ ಹೇಳು."

ಸೊಸೆ ಕೈ ಒರೆಸಿಕೊಂಡು ಎದುರಿಗೆ ಬಂದು ಕೂತಳು. ಕಣ್ಣು ಮುಚ್ಚಿ ಯೋಚಿಸಿದಳು. "ಮೊದಲು ಹೊಗೆ ಬರತ್ತೆ. ಸುಟ್ಟ ಹೊಗೆಯಲ್ಲ, ದೂರದಲ್ಲಿ ಯಾರೋ ಒಲೆ ಹಚ್ಚಿದ ಹಾಗೆ. ಅದರ ಹಿಂದೆ ಈರುಳ್ಳಿ, ಸಿಹಿಯಾಗಿ. ಕಾಳು ನಾಲಿಗೆ ಮೇಲೆ ಬೆಣ್ಣೆ ಥರ ಒಡೆಯತ್ತೆ. ಚಾಕೊಲೇಟು ಗೊತ್ತೇ ಆಗಲ್ಲ, ಅಡಿಯಲ್ಲೆಲ್ಲೋ ಕಪ್ಪಗೆ ಕೂತಿರತ್ತೆ. ಜೀರಿಗೆ ಹಲ್ಲಿಗೆ ಸಿಕ್ಕಾಗ ಮಾತ್ರ ಬರತ್ತೆ, ಹೋಗತ್ತೆ. ಎಲ್ಲ ಮುಗೀತು ಅಂದುಕೊಂಡು ನೀರು ಕುಡಿಯೋಕೆ ಹೋದಾಗ ಖಾರ ಏಳತ್ತೆ, ಗಂಟಲಿನ ಹಿಂದೆ. ಕೂಗಾಡಲ್ಲ. ಬಂದು ಕೂತ್ಕೊಳ್ಳತ್ತೆ, ಏಳೋದೇ ಇಲ್ಲ."

ಅತ್ತೆ ಉಸಿರು ಹಿಡಿದು ಕೇಳಿದಳು. ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿತು.

"ಹುಳಿ ಜಾಸ್ತಿ ಆಗಿರಬೇಕಲ್ಲ? ಆ ಮೇಡಂ ಟೊಮೆಟೊ ಸುರಿದದ್ದು ನೋಡಿದೆ."

"ಸ್ವಲ್ಪ ಆಗಿತ್ತು."

"ಅಂದ್ಕೊಂಡೆ," ಎಂದಳು ಅತ್ತೆ, ಸಮಾಧಾನದಿಂದ. ಆಮೇಲೆ ಎದ್ದು ಹೋಗಿ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಬಟ್ಟಲಿಗೆ ಕೆರೆದುಕೊಂಡು, ಚಮಚ ಹಿಡಿದು ಬಂದು ಕೂತಳು.

"ಈಗ ಮತ್ತೆ ಮೊದಲಿಂದ ಹೇಳು," ಎಂದಳು. "ಅವಸರ ಬೇಡ, ನಿಧಾನ. ನಾನು ತಿಂತಾ ಕೇಳ್ತೀನಿ."